ಹೆಬ್ಬಾತಿನ ಕೊರಳಪಟ್ಟಿ ಓದುವುದು ಹೇಗೆ?

ಗದಗ ಜಿಲ್ಲೆಯ ಮಾಗಡಿ ಕೆರೆಗೆ, ಮೈಸೂರು ಬಳಿಯ ಹದಿನಾರು ಎಂಬ ಊರಿನ ಕೆರೆಗೆ ಚಳಿಗಾಲದಲ್ಲಿ ಬಂದಿಳಿಯುವ ಪಟ್ಟೆತಲೆ ಹೆಬ್ಬಾತುಗಳಲ್ಲಿ ಕೆಲವಕ್ಕೆ ಕೊರಳಲ್ಲಿ ಹಸಿರು ಪ್ಲಾಸ್ಟಿಕ್ ಪಟ್ಟಿ ಇರುತ್ತದೆ. ಬೇಸಿಗೆಯಲ್ಲಿ ರೆಕ್ಕೆಗರಿ ಉದುರಿ ಅವು ಹಾರಲಾಗದ ಕೆಲವೇ ವಾರಗಳಲ್ಲಿ ಮಂಗೋಲಿಯಾದ ಸಂಶೋಧಕರು ಹಿಡಿದು ತೊಡಿಸಿದ್ದು. ಅದರ ಮೇಲಿನ ಬಿಳಿ ಅಕ್ಷರ, ಅಂಕಿ ಆ ಒಂದೇ ಹಕ್ಕಿಯ ಗುರುತು. ಇಲ್ಲಿ ಓದುವವರಿಲ್ಲದಿದ್ದರೆ ಅಲ್ಲಿನವರ ಶ್ರಮ ಅರ್ಧಕ್ಕೇ ನಿಲ್ಲುತ್ತದೆ.

ರಾತ್ರಿ ಹೊಲಗಳಲ್ಲಿ ಮೇಯುವ ಹೆಬ್ಬಾತುಗಳು ಬೆಳಗ್ಗೆ ಕೆರೆಗೆ ಮರಳುತ್ತವೆ. ಸೂರ್ಯ ನಿಮ್ಮ ಬೆನ್ನಿಗಿರುವ ಕಡೆ ನಿಂತು, ಬಿಸಿಲೇರುವ ಮೊದಲೇ ಓದಿ ಮುಗಿಸಿ. ಝಳಕ್ಕೆ ಗಾಳಿ ನಡುಗಿದರೆ 3 ಎಂಬುದು 8ರಂತೆ ಕಾಣುತ್ತದೆ. ಪಟ್ಟಿ ಇದೆಯೇ ಎಂದು ಹುಡುಕಲು ಬೈನಾಕ್ಯುಲರ್ ಸಾಕು. ಓದಲು ಟ್ರೈಪಾಡ್ ಮೇಲಿಟ್ಟ, 20ರಿಂದ 60 ಪಟ್ಟು ಹಿಗ್ಗಿಸುವ ಸ್ಪಾಟಿಂಗ್ ಸ್ಕೋಪ್ ಬೇಕು.

ಹತ್ತಿರ ಹೋಗುವ ಆಸೆಯೇ ಕೆಲಸ ಕೆಡಿಸುವುದು. ಹಲವು ಹಕ್ಕಿಗಳು ಒಟ್ಟಿಗೆ ಕತ್ತೆತ್ತಿದರೆ ಅಲ್ಲೇ ನಿಲ್ಲಿ, ಮತ್ತೆ ತಲೆ ತಗ್ಗಿಸದಿದ್ದರೆ ಹಿಂದೆ ಸರಿಯಿರಿ. ಹಿಂಡು ಎದ್ದರೆ ಓದುವುದೂ ಇಲ್ಲ, ಅವುಗಳಿಗೆ ವಿಶ್ರಾಂತಿಯೂ ಇಲ್ಲ. ತಲೆಯನ್ನು ರೆಕ್ಕೆಯಲ್ಲಿ ಹುದುಗಿಸಿದ ಹಕ್ಕಿ ನೀರು ಕುಡಿಯಲು ಏಳುವವರೆಗೆ ಕಾಯಿರಿ.

ಓದುವಾಗ ಪಟ್ಟಿಯ ಬಣ್ಣ, ಅಕ್ಷರದ ಬಣ್ಣ, ಅಕ್ಷರ-ಅಂಕಿಗಳ ಅನುಕ್ರಮ ಮೂರನ್ನೂ ಬರೆಯಿರಿ. ಇಬ್ಬರಿದ್ದರೆ ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಓದಿ, ಆಮೇಲೆ ತಾಳೆ ನೋಡಿ. ಇಂಗ್ಲಿಷಿನ 'ಬಿ' ಮತ್ತು 8, 'ಓ' ಮತ್ತು ಸೊನ್ನೆ ತುಂಬ ಮೋಸ ಮಾಡುತ್ತವೆ. ಅನುಮಾನವಿದ್ದ ಕಡೆ ಪ್ರಶ್ನಾರ್ಥಕ ಚಿಹ್ನೆ ಹಾಕಿ. ಊಹಿಸಿ ತುಂಬಿದ ಒಂದು ಅಕ್ಷರ ಸತ್ತ ಹಕ್ಕಿಯನ್ನು ದಾಖಲೆಯಲ್ಲಿ ಬದುಕಿಸಿಬಿಡಬಹುದು. ಬೇರೆ ಬೇರೆ ಕೋನಗಳಿಂದ ನಾಲ್ಕಾರು ಫೋಟೊ ತೆಗೆದಿಡಿ.

ಇನ್ನೊಂದನ್ನು ಹೆಚ್ಚಿನವರು ಮರೆಯುತ್ತಾರೆ: ಒಟ್ಟು ಎಷ್ಟು ಹಕ್ಕಿಗಳ ಕೊರಳು ಸ್ಪಷ್ಟವಾಗಿ ಕಂಡಿತು, ಅವುಗಳಲ್ಲಿ ಎಷ್ಟಕ್ಕೆ ಪಟ್ಟಿ ಇತ್ತು ಎಂಬ ಲೆಕ್ಕ. ಪಟ್ಟಿ ತೊಟ್ಟವುಗಳ ಪ್ರಮಾಣ ತಿಳಿಯುವುದು ಇದರಿಂದಲೇ.

ಕೆರೆಯ ಹೆಸರು, ಅಕ್ಷಾಂಶ-ರೇಖಾಂಶ, ದಿನಾಂಕ, ಹೊತ್ತು, ಫೋಟೊ ಸೇರಿಸಿ ಮಂಗೋಲಿಯಾದ ವೈಲ್ಡ್‌ಲೈಫ್ ಸೈನ್ಸ್ ಅಂಡ್ ಕನ್ಸರ್ವೇಶನ್ ಸೆಂಟರ್‌ಗೂ ಮುಂಬೈಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೂ ಕಳಿಸಿ. ಅದೇ ಹಕ್ಕಿ ಮರುವಾರ ಕಂಡರೆ ಮತ್ತೆ ಕಳಿಸಿ. ಎಷ್ಟು ದಿನ ತಂಗಿತು, ಯಾವ ಕೆರೆಗೆ ಸರಿಯಿತು ಎಂಬುದು ಗೊತ್ತಾಗುವುದು ಹಾಗೆಯೇ.

ಸತ್ತ ಹೆಬ್ಬಾತು ಸಿಕ್ಕರೆ ಮುಟ್ಟಬೇಡಿ. 2005ರಲ್ಲಿ ಚೀನಾದ ಚಿಂಗ್‌ಹೈ ಸರೋವರದಲ್ಲಿ ಹಕ್ಕಿಜ್ವರ ಈ ಜಾತಿಯನ್ನೇ ಭಾರಿ ಸಂಖ್ಯೆಯಲ್ಲಿ ಕೊಂದಿತ್ತು. ಪಟ್ಟಿಯ ಫೋಟೊವನ್ನು ದೂರದಿಂದಲೇ ತೆಗೆದು ಅರಣ್ಯ ಇಲಾಖೆಗೂ ಪಶುಪಾಲನಾ ಇಲಾಖೆಗೂ ಅಂದೇ ತಿಳಿಸಿ.