ಪದ್ಮಿನಿಯನ್ನು ಲಾರಿ ಹತ್ತಿಸದೆ ಅರಬೈಲು ಘಟ್ಟ ಹತ್ತಿಸಿದ್ದು

ಹುಬ್ಬಳ್ಳಿಯಲ್ಲಿ ನಡೆಯುವ ಹಳೇ ಕಾರುಗಳ ಪ್ರದರ್ಶನಕ್ಕೆ ಕಾರವಾರದಿಂದ ನಮ್ಮ ಹಳೇ ಪದ್ಮಿನಿ ಕಾರನ್ನು ಓಡಿಸಿಕೊಂಡೇ ಹೋಗುವುದು, ಮನೆಯ ಐದೂ ಜನ ಅದರಲ್ಲೇ ಕೂರುವುದು ಎಂದಾಗ ಎಲ್ಲರದೂ ಒಂದೇ ಮಾತು: "ಲಾರಿ ಮೇಲೆ ಹಾಕ್ಕೊಂಡು ಹೋಗು ಮಾರಾಯ, ಅರಬೈಲಲ್ಲಿ ಕೈಕೊಡ್ತದೆ." ಅಂಕೋಲೆಗೂ ಯಲ್ಲಾಪುರಕ್ಕೂ ನಡುವಿನ ಘಟ್ಟ ಅದು. ಲಾರಿಯವರು ಕೇಳಿದ್ದು ಒಂದು ಕಡೆಗೆ 14 ಸಾವಿರದ ಹತ್ತಿರ. ಈ ಚಳಿಗಾಲದಲ್ಲಿ ಓಡಿಸಿಕೊಂಡೇ ಹೋಗಿ ಬಂದಾಯಿತು. ಹೋಗಲಿಕ್ಕೆ ಸುಮಾರು 165 ಕಿ.ಮೀ., ಬರಲಿಕ್ಕೆ ಅಷ್ಟೇ. ಒಮ್ಮೆಯೂ ನೀರು ಕುದಿಯಲಿಲ್ಲ, ಒಮ್ಮೆಯೂ ಇಂಜಿನ್ ಕೆಮ್ಮಲಿಲ್ಲ. ಪೆಟ್ರೋಲಿಗೆ ಎಲೆಕ್ಟ್ರಿಕ್ ಪಂಪ್ ಹಾಕಿಲ್ಲ, ರೇಡಿಯೇಟರಿಗೆ ಎಲೆಕ್ಟ್ರಿಕ್ ಫ್ಯಾನ್ ಹಾಕಿಲ್ಲ. 1978ರ ಗಾಡಿ, ಅದೇ 1089 ಸಿಸಿ ಇಂಜಿನ್, ಅದೇ ಮೆಕ್ಯಾನಿಕಲ್ ಪಂಪ್. ತೀರ್ಪುಗಾರರು ಬಾನೆಟ್ ಒಳಗೆ ಬಗ್ಗಿದಾಗ ಹೊಸ ವೈರು, ಹೊಸ ಡಬ್ಬಿ ಕಣ್ಣಿಗೆ ಬಿದ್ದರೆ ಅಂಕ ಹೋಯಿತು. ಅದಕ್ಕೇ ಈ ಹಟ. ಮೇಲಾಗಿ ಕರೆಂಟಿಗೆ ಹಳೇ ನಮೂನೆಯ ಡೈನಮೋ ಇರುವ ಗಾಡಿ ಬೆಳಗಿನ ಜಾವದಲ್ಲಿ ಹೆಡ್‌ಲೈಟಿನ ಜೊತೆಗೆ ಎಲೆಕ್ಟ್ರಿಕ್ ಫ್ಯಾನಿನ ಹೊರೆಯನ್ನೂ ಹೊರಲಾರದು.

ಘಟ್ಟದಲ್ಲಿ ನಿಂತ ಹಳೇ ಗಾಡಿಗಳಲ್ಲಿ ಅರ್ಧಕ್ಕರ್ಧ ನೀರು ಕುದಿದು ನಿಂತವಲ್ಲ, ಪೆಟ್ರೋಲ್ ಕುದಿದು ನಿಂತವು. ಈ ಎರಡನ್ನು ಬೇರೆ ಮಾಡಿ ನೋಡದೆ ನಾನೇ ಎರಡು ವರ್ಷ, ಹದಿನೈದು ಸಾವಿರದಷ್ಟು ದುಡ್ಡು ಕಳೆದೆ. ಬಿಸಿ ತೋರಿಸುವ ಮುಳ್ಳು ನಡುವೆಯೇ ಇದೆ, ರೇಡಿಯೇಟರ್ ಸುಮ್ಮನಿದೆ, ಆದರೂ ಎರಡನೇ ಗೇರಿನಲ್ಲಿ ಎಳೆತ ಬಿದ್ದು ಹೋಗಿ ಇಂಜಿನ್ ಬಿಕ್ಕುತ್ತದೆ ಅಂದರೆ ಅದು ಪೆಟ್ರೋಲ್ ಪೈಪಿನಲ್ಲಿ ಆವಿ. ಪಂಪಿಗೂ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರಿಗೂ ನಡುವೆ ಪಾರದರ್ಶಕ ಫಿಲ್ಟರ್ ಒಂದನ್ನು ತಾತ್ಕಾಲಿಕವಾಗಿ ಹಾಕಿ ನೋಡಿ. ಅಂಕೋಲೆಯ ಸಪಾಟು ರಸ್ತೆಯಲ್ಲಿ ಅದರೊಳಗೆ ಪೆಟ್ರೋಲ್ ಮುಕ್ಕಾಲು ತುಂಬಿ ಅಲುಗಾಡುತ್ತಿರುತ್ತದೆ. ಘಟ್ಟ ಹತ್ತಿ ಮೂರ್ನಾಲ್ಕು ತಿರುವು ಆಗುವಷ್ಟರಲ್ಲಿ ಗಾಡಿ ಬದಿಗೆ ಹಾಕಿ ಬಾನೆಟ್ ಎತ್ತಿದರೆ ತಳದಲ್ಲಿ ಒಂದು ಗೆರೆಯಷ್ಟೇ ಪೆಟ್ರೋಲ್, ಮೇಲೆಲ್ಲ ಗುಳ್ಳೆ, ಒಂದರ ಹಿಂದೆ ಒಂದು, ಗಂಜಿ ಕುದಿಯುವಾಗ ಏಳುವ ಹಾಗೆ. ಇದನ್ನು ಕಣ್ಣಾರೆ ಕಂಡ ಮೇಲೆ ರೇಡಿಯೇಟರಿಗೆ ನೀರು ಸುರಿಯುವುದು ನಿಂತಿತು.

ಎಲ್ಲರೂ ಹೇಳುವ ಉಪಾಯಗಳನ್ನೆಲ್ಲ ಮಾಡಿ ನೋಡಿದ್ದೇನೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹತ್ತು ನಿಮಿಷ ಕೆಲಸ ಮಾಡುತ್ತದೆ, ಒಣಗಿದ ಮೇಲೆ ಮೊದಲಿನ ಕತೆಯೇ. ಪೈಪಿಗೆ ಬಟ್ಟೆ ಕ್ಲಿಪ್ ಸಿಕ್ಕಿಸುವುದರಿಂದ ಏನೂ ಆಗಲಿಲ್ಲ. ಪೈಪಿಗೆ ಅಲ್ಯುಮಿನಿಯಂ ಹಾಳೆ ಸುತ್ತಿದಾಗ ಇನ್ನೂ ಕೆಟ್ಟಿತು. ಮೈಗೆ ಅಂಟಿದ ಹಾಳೆ ಕಾವನ್ನು ತಡೆಯುವುದಿಲ್ಲ, ಒಳಗೇ ಹಿಡಿದಿಡುತ್ತದೆ. ಪಂಪಿಗೂ ಬ್ಲಾಕಿಗೂ ನಡುವೆ ದಪ್ಪ ಬೇಕಲೈಟ್ ತುಂಡು ಕೊಟ್ಟರೆ ಕಾವು ಕಡಿಮೆಯಾಗುವುದು ನಿಜ. ಆದರೆ ತುಂಡು ದಪ್ಪವಾದಷ್ಟೂ ಪಂಪಿನ ಹೊಡೆತ ಗಿಡ್ಡವಾಗುತ್ತದೆ, ಏರಿನಲ್ಲಿ ಇಂಜಿನ್ ಹೆಚ್ಚು ಕೇಳಿದಾಗ ಪಂಪ್ ಪೂರೈಸುವುದಿಲ್ಲ. ನಾನು ಮೊದಲು ಹಾಕಿದ್ದು 8 ಮಿ.ಮೀ. ಇರಬೇಕು; ಗಾಡಿ ಅವರ್ಸೆಯ ಹತ್ತಿರದ ಸಣ್ಣ ದಿಬ್ಬಕ್ಕೇ ಸೋತಿತು. ಕೊನೆಗೆ ಹಳೆಯ ದಪ್ಪಕ್ಕೇ ಬಂದು ಪ್ಯಾಕಿಂಗ್ ಮಾತ್ರ ಹೊಸದು ಕೊಟ್ಟೆ.

ಕೆಲಸ ಮಾಡಿದ್ದು ಎರಡು ಸಂಗತಿ. ಒಂದು, ಪೈಪಿನ ದಾರಿ. ಯಾವುದೋ ಕಾಲದಲ್ಲಿ ಯಾರೋ ರಿಪೇರಿ ಮಾಡುವಾಗ ಪೈಪನ್ನು ಸೈಲೆನ್ಸರ್ ಪೈಪಿನ ಪಕ್ಕಕ್ಕೇ ತಂದು ಕಟ್ಟಿರುತ್ತಾರೆ. ಅದನ್ನು ಬಿಡಿಸಿ ಎಲ್ಲಿಯೂ ನಾಲ್ಕು ಬೆರಳಿಗಿಂತ ಹತ್ತಿರ ಬಾರದಂತೆ ಬಗ್ಗಿಸಿದೆ. ಹತ್ತಿರ ಬರಲೇಬೇಕಾದ ಒಂದು ಕಡೆ ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಮರೆ ಕೊಟ್ಟೆ. ತಗಡಿಗೂ ಪೈಪಿಗೂ ನಡುವೆ ಗಾಳಿ ಆಡಬೇಕು, ಅಂಟಬಾರದು. ಕಪ್ಪು ಬಣ್ಣ ಹೊಡೆದರೆ ಕಣ್ಣಿಗೇ ಬೀಳುವುದಿಲ್ಲ.

ಎರಡನೆಯದೇ ಮುಖ್ಯ: ವಾಪಸ್ ಪೈಪ್. ಕಾರ್ಬ್ಯುರೇಟರಿಗೆ ಹೋಗುವ ಮೊದಲು T ಆಕಾರದ ಒಂದು ಕವಲು ಕೊಟ್ಟು, ಸಣ್ಣ ತೂತಿನ ಮೂಲಕ ಆವಿಯನ್ನೂ ಒಂದಿಷ್ಟು ಪೆಟ್ರೋಲನ್ನೂ ಟ್ಯಾಂಕಿಗೆ ಮರಳಿಸುವುದು. ಪೆಟ್ರೋಲ್ ಸುತ್ತುತ್ತಲೇ ಇರುತ್ತದೆ, ನಿಂತು ಕಾಯುವುದಿಲ್ಲ, ಆವಿ ಕಟ್ಟಿದರೂ ಹಿಂದಕ್ಕೆ ಹೋಗುತ್ತದೆ. ತೂತು ದೊಡ್ಡದಾದರೆ ಕಾರ್ಬ್ಯುರೇಟರ್ ಉಪವಾಸ ಬೀಳುತ್ತದೆ, ಚಿಕ್ಕದಾದರೆ ಆವಿ ಹೊರಹೋಗದೆ ಅಲ್ಲೇ ಉಳಿಯುತ್ತದೆ. ತೂತಿನ ಅಳತೆಯನ್ನು ಇಲ್ಲಿ ಬರೆಯುವುದಿಲ್ಲ. ಆರೇಳು ಹಿತ್ತಾಳೆ ತುಂಡು ಹಾಳು ಮಾಡಿ ಕಂಡುಕೊಂಡದ್ದು, ನೀವೂ ನಿಮ್ಮ ಪಂಪಿಗೆ ತಕ್ಕಂತೆ ಕಂಡುಕೊಳ್ಳಬೇಕು. ಟ್ಯಾಂಕಿನ ಕಡೆ ನಿಪ್ಪಲ್ ಕೂರಿಸಲು ಟ್ಯಾಂಕಿಗೆ ಬೆಂಕಿ ತಾಗಿಸಬೇಡಿ. ಪೆಟ್ರೋಲ್ ಮಟ್ಟ ತೋರಿಸುವ ಮುಳ್ಳಿಗೆಂದು ಟ್ಯಾಂಕಿಗೆ ಕೂರಿಸಿದ ಪ್ಲೇಟನ್ನು ಬಿಚ್ಚಿ ಹೊರಗೆ ತಂದು, ಅದಕ್ಕೆ ಬೆಸುಗೆ ಹಾಕಿ, ಹೊಸ ಪ್ಯಾಕಿಂಗ್ ಕೊಟ್ಟು ಕೂರಿಸಿ. ಖರ್ಚು ಮಜೂರಿ ಸೇರಿ 1,200 ದಾಟಲಿಲ್ಲ.

ರಬ್ಬರ್ ಪೈಪಿನ ವಿಷಯವೂ ಇಲ್ಲೇ ಹೇಳಬೇಕು. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಅಳತೆ ಸಿಲಿಂಡರಿನಲ್ಲಿ 90 ಮಿ.ಲೀ. ಪೆಟ್ರೋಲ್, 10 ಮಿ.ಲೀ. ನೀರು ಹಾಕಿ ಕುಲುಕಿ ಇಟ್ಟೆ. ಕಾಲು ಗಂಟೆಯಲ್ಲಿ ಕೆಳಗಿನ ಪದರ 10 ಇದ್ದದ್ದು 27ರ ಮೇಲೆ ಬಂತು. ಎಥನಾಲ್ ಎಲ್ಲ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಕೂಡಿತು. ಕಾರವಾರದ ತೇವದ ಗಾಳಿಯಲ್ಲಿ ತಿಂಗಳುಗಟ್ಟಲೆ ನಿಂತ ಟ್ಯಾಂಕಿನಲ್ಲಿ ಆಗುವುದೂ ಇದೇ. ಆ ನೀರು ಕಾರ್ಬ್ಯುರೇಟರಿನ ಬಟ್ಟಲಿನ ತಳದಲ್ಲಿ ಬಿಳಿ ಪುಡಿ ಹಿಡಿಸುತ್ತದೆ. ಹಳೇ ರಬ್ಬರ್ ಹೊರಗಿನಿಂದ ಗಟ್ಟಿಯಾಗೇ ಕಾಣುತ್ತದೆ, ಒಳಗೆ ಉಬ್ಬಿ ದಾರಿ ಕಟ್ಟಿರುತ್ತದೆ. ಎಲ್ಲ ರಬ್ಬರನ್ನೂ ವೈಟಾನ್ ಪೈಪಿಗೆ ಬದಲಿಸಿದೆ, ಮೀಟರಿಗೆ 600-700 ಬಿತ್ತು. ಪಂಪಿನ ಪೊರೆಯೂ ಎಥನಾಲ್ ತಡೆಯುವಂಥದ್ದೇ ಆಗಬೇಕು. ಗಾಡಿ ನಿಲ್ಲಿಸುವಾಗ ಟ್ಯಾಂಕ್ ಕಂಠಮಟ್ಟ ತುಂಬಿಸಿಡಿ, ತೇವ ಎಳೆಯಲು ಖಾಲಿ ಜಾಗ ಉಳಿಯಬಾರದು.

ಇನ್ನು ನೀರು. ಮೊದಲು ಮಾಡಿದ ತಪ್ಪು, ರಿಪೇರಿ ಅಂಗಡಿಯಲ್ಲಿ ಕೊಟ್ಟ ಕ್ಷಾರದ ಪುಡಿ ಹಾಕಿ ತೊಳೆದದ್ದು. ಕಿಟ್ಟ ಹೋಯಿತು, ಅದರ ಜೊತೆ ಕಿಟ್ಟವೇ ಮುಚ್ಚಿದ್ದ ತೂತುಗಳೂ ತೆರೆದವು. ಕೊನೆಗೆ ರೇಡಿಯೇಟರಿಗೆ ತಾಮ್ರದ ಹೊಸ ಕೋರ್, ಅಂದರೆ ನೀರು ತಣಿಯುವ ಒಳಜಾಲರಿ, ಕೂರಿಸಲು 8 ಸಾವಿರದ ಹತ್ತಿರ ಕೊಡಬೇಕಾಯಿತು. ಅದನ್ನು ಮೊದಲೇ ಮಾಡಿದ್ದರೆ ಪುಡಿಯ ದುಡ್ಡೂ ಉಳಿಯುತ್ತಿತ್ತು, ತಿಂಗಳೂ ಉಳಿಯುತ್ತಿತ್ತು. ಸಮುದ್ರದ ಬದಿಯ ಬಾವಿ ನೀರನ್ನು ರೇಡಿಯೇಟರಿಗೆ ಹಾಕಲೇಬೇಡಿ. ಬ್ಲಾಕಿನ ಪಕ್ಕದಲ್ಲಿರುವ ಬಟ್ಟಲಿನಂಥ ಬಿಲ್ಲೆಗಳು ಉಪ್ಪಿಗೆ ಒಳಗಿನಿಂದ ತಿಂದು ಹೋಗಿರುತ್ತವೆ, ಬೆರಳಿನಿಂದ ಒತ್ತಿದರೆ ತಿಳಿಯುತ್ತದೆ. ಒಂದನ್ನು ತೆಗೆದು ನೋಡಿದಾಗ ಹಿಂದೆ ಅರ್ಧ ಬಟ್ಟಲು ಕೆಂಪು ಕೆಸರು. ಎಲ್ಲವನ್ನೂ ತೆಗೆಸಿ, ತಂತಿಯಿಂದ ಕೆದಕಿ, ಹಿತ್ತಾಳೆಯವನ್ನು ಹೊಡೆಸಿದೆ.

ನೀರು ಬಿಸಿಯಾದ ಮೇಲಷ್ಟೇ ರೇಡಿಯೇಟರಿಗೆ ದಾರಿ ಬಿಡುವ ಥರ್ಮೋಸ್ಟ್ಯಾಟ್ ತೆಗೆದು ಬಿಸಾಕುವುದು ನಮ್ಮ ಕಡೆ ರೂಢಿ. ನಾನು ಮರಳಿ ಹಾಕಿದೆ. ಅದಿಲ್ಲದಿದ್ದರೆ ಸಪಾಟಿನಲ್ಲಿ ಇಂಜಿನ್ ಬಿಸಿಯೇ ಆಗದೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಆಯಿಲ್ ಕೆಡುತ್ತದೆ. ಹಾಕುವ ಮೊದಲು ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಕುದಿಸಿ ಬಾಯಿ ಬಿಡುತ್ತದೋ ನೋಡಿಕೊಳ್ಳಿ. ರೇಡಿಯೇಟರಿನ ಮುಚ್ಚಳ ಅಗ್ಗದ ವಸ್ತು, ಆದರೆ ಒತ್ತಡ ಹಿಡಿಯದಿದ್ದರೆ ನೀರು ಬೇಗ ಕುದಿಯುತ್ತದೆ. ಚದರ ಇಂಚಿಗೆ 7 ಪೌಂಡ್ ಒತ್ತಡ ನಿಂತರೆ ಕುದಿಯುವ ಮಟ್ಟ ಹತ್ತು ಡಿಗ್ರಿಯಷ್ಟು ಮೇಲೆ ಹೋಗುತ್ತದೆ. ರೇಡಿಯೇಟರಿನ ಮೇಲೂ ಬದಿಗೂ ಇರುವ ಸಂದುಗಳಿಗೆ ಫೋಮ್ ಪಟ್ಟಿ ತುಂಬಿದೆ, ಗಾಳಿ ಪಕ್ಕದಿಂದ ತಪ್ಪಿಸಿಕೊಳ್ಳದೆ ಕೋರ್ ಮೂಲಕವೇ ಹೋಗಲಿ ಎಂದು. ಐವತ್ತು ರೂಪಾಯಿಯ ಕೆಲಸ, ಮುಳ್ಳು ಒಂದು ಗೆರೆ ಕೆಳಗಿಳಿಯಿತು.

ಎಲ್ಲ ಸರಿಯಿದ್ದೂ ಬಿಸಿಯಾದರೆ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಬಿಚ್ಚಿ. ಒಳಗಿನ ತೂಕದ ತುಂಡುಗಳು ತುಕ್ಕಿಗೆ ಅಂಟಿಕೊಂಡು, ವೇಗ ಏರಿದರೂ ಕಿಡಿಯ ಟೈಮಿಂಗ್ ಮುಂದಕ್ಕೆ ಬರುವುದೇ ಇಲ್ಲ, ತಡವಾಗಿ ಹೊತ್ತಿದ ಬೆಂಕಿಯ ಕಾವೆಲ್ಲ ನೀರಿಗೆ. ನಮ್ಮ ಮೇಸ್ತ್ರಿ ಇದನ್ನು ನಂಬಿರಲಿಲ್ಲ. ರೋಟರ್ ಹಿಡಿದು ತಿರುಗಿಸಿ ಬಿಟ್ಟಾಗ ಅದು ಸ್ಪ್ರಿಂಗಿನಿಂದ ಹಿಂದಕ್ಕೆ ಬಾರದೆ ಹಾಗೇ ನಿಂತದ್ದನ್ನು ತೋರಿಸಿದೆ. ಒಂದು ಹನಿ ಎಣ್ಣೆ, ಅರ್ಧ ಗಂಟೆ ಕೆಲಸ.

ದಾರಿ. ಕೈಗಾ ಮೇಲಿಂದಲೂ ಯಲ್ಲಾಪುರಕ್ಕೆ ಹೋಗಬಹುದು, ಲಾರಿ ಕಡಿಮೆ. ಆದರೆ ಕೈಕೊಟ್ಟರೆ ನೆರವಿಗೆ ಜನವಿಲ್ಲ, ಮಕ್ಕಳಿರುವಾಗ ಬೇಡ. ಅಂಕೋಲೆ ಮೇಲಿಂದಲೇ ಹೋಗಿ. ಮಳೆಗಾಲದಲ್ಲಿ ಯೋಚನೆಯೇ ಬೇಡ, 2021ರ ಜುಲೈಯಲ್ಲಿ ಅರಬೈಲಿನಲ್ಲಿ ಗುಡ್ಡ ಕುಸಿದು ರಸ್ತೆಯೇ ಮುಚ್ಚಿತ್ತು. ಡಿಸೆಂಬರ್, ಜನವರಿಯ ಬೆಳಗಿನ ಜಾವ ಸರಿಯಾದ ಹೊತ್ತು. 4 ಗಂಟೆಗೆ ಕಾರವಾರ ಬಿಟ್ಟರೆ ಐದೂವರೆಯ ಹೊತ್ತಿಗೆ ರಾಮನಗುಳಿ ದಾಟುತ್ತೀರಿ. ಏರು ಶುರುವಾಗುವ ಮೊದಲು ಗಾಡಿ ಬದಿಗೆ ಹಾಕಿ ಮುಂದಿನ ಲಾರಿಗಳ ಸಾಲನ್ನು ಹೋಗಲು ಬಿಡಿ. ಲಾರಿಯ ಬಾಲಕ್ಕೆ ಬಿದ್ದರೆ ಇಂಜಿನ್ ಜೋರು, ಗಾಡಿ ನಿಧಾನ, ಗಾಳಿ ಇಲ್ಲ, ಮೇಲಿಂದ ಅದರ ಬಿಸಿ ಹೊಗೆ. ಹಳೇ ಗಾಡಿಯನ್ನು ಕೊಲ್ಲುವುದು ಏರಲ್ಲ, ಇದು. ಹತ್ತು ನಿಮಿಷ ಕಾದರೆ ಎರಡು, ಮೂರನೇ ಗೇರಿನಲ್ಲಿ ಒಂದೇ ಎಳೆತಕ್ಕೆ ಹತ್ತುತ್ತದೆ. ಘಟ್ಟ ಹತ್ತಿದ ಮೇಲೆ ಇಡಗುಂದಿಯಲ್ಲಿ ನಿಲ್ಲಿಸಿದ ಕೂಡಲೇ ಇಂಜಿನ್ ಆರಿಸಬೇಡಿ, ಎರಡು ಮೂರು ನಿಮಿಷ ಹಾಗೇ ತಿರುಗಲಿ. ತಕ್ಷಣ ಆರಿಸಿದರೆ ನಿಂತ ಕಾವಿಗೆ ಕಾರ್ಬ್ಯುರೇಟರ್ ಬಟ್ಟಲಿನ ಪೆಟ್ರೋಲ್ ಉಕ್ಕಿ, ಮತ್ತೆ ಸ್ಟಾರ್ಟ್ ಆಗುವುದಿಲ್ಲ.

ಐದು ಜನರ ಭಾರಕ್ಕೆ ಹಿಂದಿನ ಪಟ್ಟಿ ಸ್ಪ್ರಿಂಗ್ ಕುಸಿದು ಹೆಡ್‌ಲೈಟ್ ಆಕಾಶ ನೋಡುತ್ತದೆ. ಹೊರಡುವ ಹಿಂದಿನ ರಾತ್ರಿ ಎಲ್ಲರನ್ನೂ ಕೂರಿಸಿಯೇ ಗೋಡೆಗೆ ಬೆಳಕು ಹೊಡೆದು ಸರಿಮಾಡಿ. ಸ್ಟಿಯರಿಂಗ್ ಗೇರಿನ ಗಾಡಿಯಲ್ಲಿ ಮುಂದೆ ಉದ್ದ ಸೀಟು. ಅಜ್ಜಿಗೆ ಕಿಟಕಿಯ ಬದಿ, ಮೂಲೆಯ ಚಿಕ್ಕ ಗಾಜನ್ನು ತಿರುಗಿಸಿದರೆ ಗಾಳಿ ಮುಖಕ್ಕೇ ಬರುತ್ತದೆ. ಹತ್ತು ಲೀಟರ್ ನೀರಿನ ಕ್ಯಾನು ಡಿಕ್ಕಿಗೆ ಬೇಡ, ಮುಂದಿನ ಸೀಟಿನ ಹಿಂದೆ ನೆಲದ ಮೇಲೆ.

ಮಕ್ಕಳು ಘಟ್ಟದಲ್ಲಿ ವಾಂತಿ ಮಾಡುವುದಕ್ಕೆ ತಿರುವುಗಳಷ್ಟೇ ಕಾರಣವಲ್ಲ, ಹೊಗೆಯೂ ಕಾರಣ. ಡಿಕ್ಕಿಯ ರಬ್ಬರ್ ಗಟ್ಟಿಯಾಗಿದ್ದರೆ ಸೈಲೆನ್ಸರ್ ಹೊಗೆಯನ್ನು ಗಾಡಿ ಹಿಂದಿನಿಂದ ಒಳಗೆಳೆಯುತ್ತದೆ. ಅದು ವಾಸನೆಯ ಮಾತಷ್ಟೇ ಅಲ್ಲ, ವಿಷದ ಹೊಗೆ. ಪರೀಕ್ಷೆ ಸುಲಭ. ಟ್ಯಾಂಕಿನ ಮುಚ್ಚಳದಿಂದ ದೂರದಲ್ಲಿ, ಬಯಲಿನಲ್ಲಿ, ಗಾಡಿಯ ಒಳಗೆ ಟೇಬಲ್ ಫ್ಯಾನ್ ಇಟ್ಟು ಒಂದು ಕಿಟಕಿಯಿಂದ ಗಾಳಿ ಹೊರಗೆ ಹೊಡೆಯುವಂತೆ ಮಾಡಿ, ಉಳಿದದ್ದೆಲ್ಲ ಮುಚ್ಚಿ, ಊದುಬತ್ತಿಯನ್ನು ಡಿಕ್ಕಿಯ ಸಂದಿನ ಉದ್ದಕ್ಕೂ ಒಯ್ಯಿರಿ. ನನ್ನದರಲ್ಲಿ ಎಡ ಮೂಲೆಗೆ ಬಂದಾಗ ನೆಟ್ಟಗೆ ಏಳುತ್ತಿದ್ದ ಹೊಗೆಯ ಎಳೆ ಥಟ್ಟನೆ ಬಾಗಿ ಒಳಗೆ ನುಗ್ಗಿತು. ಆ ಮೂಲೆಯಲ್ಲಿ ರಬ್ಬರ್ ಒಂದು ಗೇಣು ಬಿರುಕು ಬಿಟ್ಟಿತ್ತು. ಹೊಸ ರಬ್ಬರಿಗೆ 450. ಅದರ ಜೊತೆಗೆ ಫ್ಲಾಸ್ಕಿನಲ್ಲಿ ಮಾವಿನಕಾಯಿಯ ಅಪ್ಪೆಹುಳಿ. ಈ ಸಲ ಒಬ್ಬರೂ ಮುಖ ಸಣ್ಣ ಮಾಡಲಿಲ್ಲ.

ಕಾಗದದ ವಿಷಯ ಚಿಕ್ಕದು. 2021ರ ವಿಂಟೇಜ್ ನಿಯಮ 50 ವರ್ಷ ತುಂಬಿದ ಗಾಡಿಗೆ, ಆ ನಂಬರ್ ತೆಗೆದುಕೊಂಡರೆ ದಿನಬಳಕೆಗೆ ಓಡಿಸುವಂತಿಲ್ಲ. ನನ್ನದಕ್ಕೆ ಮಾಮೂಲಿ ಆರ್‌ಸಿ ನವೀಕರಣ, ವಿಮೆ, ಹೊಗೆ ಪ್ರಮಾಣಪತ್ರ, ಅಷ್ಟೇ.

ಪ್ರದರ್ಶನದ ಮೈದಾನದಲ್ಲಿ ಇಂಜಿನ್ ಕೆಳಗೆ ರಟ್ಟಿನ ಮೇಲೆ ತಗಡಿನ ತಟ್ಟೆ ಇಡಿ, ಹನಿ ಆಯಿಲ್ ಬಿದ್ದರೂ ಯಾರೂ ತಕರಾರು ಮಾಡುವುದಿಲ್ಲ. ತೀರ್ಪುಗಾರರು ನೋಡುವುದು ಹೊಳಪಿಗಿಂತ ಹೆಚ್ಚಾಗಿ ಎಲ್ಲ ದೀಪ, ಹಾರ್ನ್, ವೈಪರ್ ನಡೆಯುತ್ತವೆಯೇ, ಜಾಕ್, ಸ್ಪ್ಯಾನರ್ ಚೀಲ, ಸ್ಟೆಪ್ನಿ ಇವೆಯೇ, ಪೈಪಿನ ಕ್ಲಿಪ್ಪುಗಳು ಆ ಕಾಲದವೇ ಎಂದು. ಪಾರದರ್ಶಕ ಫಿಲ್ಟರನ್ನು ಮೈದಾನ ಮುಟ್ಟುವ ಮೊದಲೇ ತೆಗೆದಿದ್ದೆ. ವಾಪಸ್ ಪೈಪ್ ಯಾರ ಕಣ್ಣಿಗೂ ಬೀಳಲಿಲ್ಲ. ಅದನ್ನು ಯಾವ ಮರೆಯಲ್ಲಿ ಒಯ್ದಿದ್ದೇನೆ ಎಂಬುದೂ ನನ್ನಲ್ಲೇ ಇರಲಿ. ಮಕ್ಕಳಿಗೆ ಮೂರು ವಿಷಯ ಕಲಿಸಿದ್ದೆ: ಸ್ಟಿಯರಿಂಗ್ ಗೇರು ಹೇಗೆ, ಡೈನಮೋ ಯಾವುದು, ಫಿಯೆಟ್ 1100 ಎಂದಿದ್ದದ್ದು 1974ರಲ್ಲಿ ಪದ್ಮಿನಿ ಆದದ್ದು. ನೋಡಲು ಬಂದವರು ಅವರನ್ನು ಕೇಳಿದರು, ನನ್ನನ್ನಲ್ಲ. ದಿನವಿಡೀ ಅವರಿಗೆ ಬೇಸರವಾಗಲಿಲ್ಲ.

ಬಂಪರಿನ ಕ್ರೋಮಿಗೆ ಮುರುಗಲು ಸಿಪ್ಪೆ ತಿಕ್ಕಿ ನೋಡಿದ್ದೆ, ಮನೆಯ ಹಿತ್ತಾಳೆ ಪಾತ್ರೆ ಅದರಲ್ಲಿ ಬಂಗಾರದ ಹಾಗೆ ಆಗುತ್ತದಲ್ಲ ಎಂದು. ಹಿತ್ತಾಳೆಗೆ ಸರಿ, ಕ್ರೋಮಿಗೆ ಬೇಡ. ಚುಕ್ಕೆ ಬಿದ್ದಲ್ಲಿ ಹುಳಿ ಒಳಗಿಳಿದು ಎರಡೇ ದಿನಕ್ಕೆ ಕೆಂಪು ತುಕ್ಕು ಎದ್ದಿತು. ಅಲ್ಯುಮಿನಿಯಂ ಹಾಳೆಯನ್ನು ಉಂಡೆ ಮಾಡಿ ನೀರಿನಲ್ಲಿ ಅದ್ದಿ ಮೆಲ್ಲಗೆ ಉಜ್ಜಿದರೆ ತುಕ್ಕು ಹೋಗುತ್ತದೆ, ಆಮೇಲೆ ತೆಳ್ಳಗೆ ವ್ಯಾಸಲೀನ್.

ಇಳಿಯುವಾಗ ಹತ್ತಿದ ಗೇರಿನಲ್ಲೇ ಇಳಿಯಿರಿ. ನಾಲ್ಕೂ ಕಡೆ ಡ್ರಮ್ ಬ್ರೇಕ್, ಕಾಲು ಒತ್ತಿಟ್ಟುಕೊಂಡೇ ಬಂದರೆ ಮೂರನೇ ತಿರುವಿಗೆ ಪೆಡಲ್ ಮೆತ್ತಗಾಗುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿ ಬೇಗ ಕುದಿಯುತ್ತದೆ, ಕರಾವಳಿಯಲ್ಲಿ ವರ್ಷಕ್ಕೊಮ್ಮೆ ಪೂರ್ತಿ ಬದಲಿಸಬೇಕು. ನನ್ನದು ಹೊರಬಂದಾಗ ಕಷಾಯದ ಬಣ್ಣಕ್ಕಿತ್ತು. ಲೈನರ್, ಚಕ್ರದ ಸಿಲಿಂಡರ್ ಕಿಟ್, ಆಯಿಲ್ ಎಲ್ಲ ಸೇರಿ 9 ಸಾವಿರ.

ಎಲ್ಲ ಲೆಕ್ಕ ಹಾಕಿದರೆ ಮೂರು ವರ್ಷದಲ್ಲಿ 45 ಸಾವಿರದ ಆಸುಪಾಸು, ಅದರಲ್ಲಿ ಮೂರನೇ ಒಂದು ಭಾಗ ತಪ್ಪು ದಾರಿಗೆ ಹೋದದ್ದು. ಹೋಗಿ ಬರುವ ಪೆಟ್ರೋಲ್ 28 ಲೀಟರ್ ಹತ್ತಿರ, ಲೀಟರಿಗೆ 12 ಕಿ.ಮೀ. ಸಿಕ್ಕ ಹಾಗಾಯಿತು. ಮನೆಗೆ ಬಂದ ಮರುದಿನವೇ ಗಾಡಿಯ ಅಡಿಭಾಗವನ್ನು ಸಿಹಿ ನೀರಿನಲ್ಲಿ ತೊಳೆದು, ಬಾಗಿಲುಗಳ ಅಡಿಯ ನೀರು ಹೋಗುವ ತೂತುಗಳಿಗೆ ಕಡ್ಡಿ ಆಡಿಸಿ, ಬಾಗಿಲು ತೆರೆದಿಟ್ಟು ಬಿಸಿಲಿಗೆ ಒಣಗಿಸಿದೆ. ಘಟ್ಟದ ಕೆಂಪು ಧೂಳು ತೂತು ಕಟ್ಟಿದರೆ ಉಪ್ಪು ಗಾಳಿಯ ತೇವ ಒಳಗೇ ಉಳಿಯುತ್ತದೆ, ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಬಾಗಿಲಿನ ಅಡಿ ಕೈಗೆ ಬರುತ್ತದೆ.