ಸರ್ವರ್‌ಗಳು ಬಿಡುವಾಗಿವೆ, ಕೆಲಸ ಮಾತ್ರ ಸಾಗುತ್ತಿಲ್ಲ: ಹಂಚಿಕೆಯ ಸ್ಟೋರೇಜ್‌ನ ಇಕ್ಕಟ್ಟನ್ನು ಹುಡುಕುವುದು ಹೇಗೆ?

ಮೂರು ಸರ್ವರ್‌ಗಳು, ಅವುಗಳ ಮೇಲೆ ಓಡುವ 20 ವರ್ಚುವಲ್ ಮಷೀನ್‌ಗಳು (ತಂತ್ರಾಂಶದಲ್ಲೇ ರೂಪುಗೊಂಡ ಕಂಪ್ಯೂಟರ್‌ಗಳು), ಆ ಇಪ್ಪತ್ತರ ದತ್ತಾಂಶವನ್ನೂ ಹೊತ್ತುಕೊಂಡ ಒಂದೇ ಸ್ಟೋರೇಜ್ ಪೆಟ್ಟಿಗೆ. ಕಾಲೇಜು, ಸಹಕಾರ ಸಂಘ, ಮಧ್ಯಮ ಗಾತ್ರದ ಆಸ್ಪತ್ರೆಗಳ ಸರ್ವರ್ ಕೋಣೆಗಳಲ್ಲಿ ಇಂಥ ಏರ್ಪಾಡು ಸಾಮಾನ್ಯ. ಒಂದು ಸರ್ವರ್ ಕೆಟ್ಟರೆ ಅದರ ಮೇಲಿದ್ದ ಮಷೀನ್‌ಗಳನ್ನು ಇನ್ನೊಂದರ ಮೇಲೆ ಎಬ್ಬಿಸಬಹುದು ಎಂಬುದು ಇದರ ಅನುಕೂಲ; ಊರಿಗೆಲ್ಲ ಒಂದೇ ಬಾವಿ ಎಂಬುದು ಇದರ ತೊಡಕು. ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಲೆಕ್ಕಪತ್ರದ ತಂತ್ರಾಂಶ ಅಲ್ಲಾಡದೆ ನಿಂತಾಗ ನೋಡಿದರೆ ಪ್ರೊಸೆಸರ್‌ಗಳು ಬಿಡುವಾಗಿರುತ್ತವೆ, ನೆಟ್‌ವರ್ಕ್‌ನ ನಕ್ಷೆ ನೆಲಕ್ಕೆ ಅಂಟಿಕೊಂಡಿರುತ್ತದೆ. ಆಗ ಯಾರಾದರೊಬ್ಬರು ಹೊಸ ಎಸ್‌ಎಸ್‌ಡಿ ಕೊಳ್ಳುವ ಸಲಹೆ ಕೊಡುತ್ತಾರೆ. ಆ ಖರ್ಚು ಬೇಕಾಗಲೂಬಹುದು, ಆದರೆ ಕೋರಿಕೆಗಳು ಯಾವ ಬಾಗಿಲ ಮುಂದೆ ಸಾಲುಗಟ್ಟಿವೆ ಎಂಬುದನ್ನು ಅಳೆದು ತಿಳಿಯದೆ ಹಣ ಹಾಕುವುದು ಕತ್ತಲಲ್ಲಿ ಕಲ್ಲೆಸೆದಂತೆ.

ಮೊದಲು ಕಾಗದದ ಮೇಲೆ ಲೆಕ್ಕ

ಉಪಕರಣಗಳನ್ನು ಮುಟ್ಟುವ ಮೊದಲು, ನಿಮ್ಮ ಪೆಟ್ಟಿಗೆಯಿಂದ ಎಷ್ಟನ್ನು ನಿರೀಕ್ಷಿಸುವುದು ನ್ಯಾಯ ಎಂಬುದನ್ನು ಲೆಕ್ಕ ಹಾಕಿಕೊಳ್ಳಬೇಕು. ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕ್ ಅರ್ಧ ಸುತ್ತಿಗೆ ಸುಮಾರು 4.2 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಅದರ ಮುಳ್ಳು ಬೇಕಾದ ಜಾಗಕ್ಕೆ ಸರಿಯಲು ಸರಾಸರಿ ಇನ್ನೂ 8ರಿಂದ 9 ಮಿಲಿಸೆಕೆಂಡ್ ಬೇಕು. ಹೀಗಾಗಿ ಅಲ್ಲೊಂದು ಇಲ್ಲೊಂದು ಚದುರಿದ ಕೋರಿಕೆಗಳನ್ನು ಅಂಥ ಡಿಸ್ಕ್ ಸೆಕೆಂಡಿಗೆ 75ರ ಆಸುಪಾಸಿನಲ್ಲಿ ಮಾತ್ರ ಪೂರೈಸಬಲ್ಲದು. ಎಂಟು ಡಿಸ್ಕ್‌ಗಳಿದ್ದರೆ 600. ಆದರೆ ಅವನ್ನು ರೇಡ್ 6 ವಿಧಾನದಲ್ಲಿ, ಅಂದರೆ ಎರಡು ಡಿಸ್ಕ್ ಕೆಟ್ಟರೂ ದತ್ತಾಂಶ ಉಳಿಯುವಂತೆ, ಜೋಡಿಸಿದ್ದರೆ ಪ್ರತಿಯೊಂದು ಸಣ್ಣ ಬರಹಕ್ಕೂ ಹಳೆಯ ದತ್ತಾಂಶವನ್ನೂ ಎರಡು ಪ್ಯಾರಿಟಿಗಳನ್ನೂ (ಕಳೆದದ್ದನ್ನು ಮರಳಿ ಲೆಕ್ಕಹಾಕಲು ಇಡುವ ಹೆಚ್ಚುವರಿ ದತ್ತಾಂಶ) ಓದಿ, ಮೂರನ್ನೂ ಮತ್ತೆ ಬರೆಯಬೇಕಾಗುತ್ತದೆ. ಅಂದರೆ ಒಂದು ಬರಹಕ್ಕೆ ಆರು ಕೆಲಸ. ನೂರರಲ್ಲಿ 70 ಓದು, 30 ಬರಹ ಎಂದಿಟ್ಟುಕೊಂಡರೆ 600ನ್ನು 2.5ರಿಂದ ಭಾಗಿಸಬೇಕು, ಉಳಿಯುವುದು ಸೆಕೆಂಡಿಗೆ 240. ಅದನ್ನು 20 ಮಷೀನ್‌ಗಳಿಗೆ ಹಂಚಿದರೆ ತಲೆಗೆ 12. ಡಿಸ್ಕ್‌ಗಳನ್ನು ನಡೆಸುವ ಕಂಟ್ರೋಲರ್‌ನಲ್ಲಿರುವ ಕ್ಯಾಶ್ ಎಂಬ ತಾತ್ಕಾಲಿಕ ಸ್ಮರಣೆ ಈ ಲೆಕ್ಕವನ್ನು ಸ್ವಲ್ಪ ಮೇಲಕ್ಕೆತ್ತುತ್ತದೆ ಎಂಬುದು ನಿಜ, ಆದರೆ ಅದು ತುಂಬಿದ ಮೇಲೆ ಮತ್ತೆ ಇದೇ ಅಂಕಿಗೆ ಬಂದು ನಿಲ್ಲಬೇಕಾಗುತ್ತದೆ.

ನೆಟ್‌ವರ್ಕ್‌ನ ನಕ್ಷೆ ಏಕೆ ನೆಲಕ್ಕಂಟಿತ್ತು ಎಂಬುದಕ್ಕೂ ಇಲ್ಲೇ ಉತ್ತರವಿದೆ. ತಲಾ 4 ಕಿಲೋಬೈಟ್‌ನ 240 ಕೋರಿಕೆಗಳೆಂದರೆ ಸೆಕೆಂಡಿಗೆ 1 ಮೆಗಾಬೈಟ್ ಕೂಡ ಆಗುವುದಿಲ್ಲ. ಸಾಧಾರಣ ಗಿಗಾಬಿಟ್ ಕೇಬಲ್ ಅದರ ನೂರು ಪಟ್ಟಿಗಿಂತ ಹೆಚ್ಚು ಸಾಗಿಸಬಲ್ಲದು. ಆದ್ದರಿಂದಲೇ ದೊಡ್ಡ ಫೈಲೊಂದನ್ನು ನಕಲು ಮಾಡಿ, ಸೆಕೆಂಡಿಗೆ 110 ಮೆಗಾಬೈಟ್ ಬಂತು, ಸ್ಟೋರೇಜ್ ಚೆನ್ನಾಗಿದೆ ಎಂದು ತೀರ್ಮಾನಿಸುವುದು ತಪ್ಪು. ಅಳೆಯಬೇಕಾದದ್ದು ಒಂದೊಂದು ಕೋರಿಕೆ ಎಷ್ಟು ಹೊತ್ತು ಕಾಯುತ್ತಿದೆ ಎಂಬುದನ್ನು. ಸೆಕೆಂಡಿಗೆ 240 ಪೂರೈಸುವ ಪೆಟ್ಟಿಗೆಯ ಮುಂದೆ ಯಾವಾಗಲೂ 24 ಕೋರಿಕೆಗಳು ನಿಂತಿದ್ದರೆ ಪ್ರತಿಯೊಂದೂ 100 ಮಿಲಿಸೆಕೆಂಡ್ ಕಾಯುತ್ತದೆ. ಒಂದು ಪುಟ ತೆರೆಯಲು ಡೇಟಾಬೇಸ್ ಒಂದರ ಹಿಂದೊಂದರಂತೆ 50 ಸಲ ಓದಬೇಕಾದರೆ ಐದು ಸೆಕೆಂಡ್ ಹೋಯಿತು.

ಮೇಲಿನಿಂದ ಕೆಳಕ್ಕೆ ಇಳಿಯಿರಿ

ಮೊದಲ ಕೆಲಸ ದೂರನ್ನು ನಿಖರಗೊಳಿಸುವುದು. ಯಾವ ಮಷೀನ್, ಯಾವ ಕೆಲಸ, ಎಷ್ಟು ಗಂಟೆಗೆ ಎಂಬುದನ್ನು ಬರೆದಿಡಿ. ಎಲ್ಲ ಸರ್ವರ್‌ಗಳ ಗಡಿಯಾರಗಳೂ ಒಂದೇ ಸಮಯ ತೋರಿಸುತ್ತಿವೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಒಂದರ ಲಾಗ್ ಅನ್ನು ಇನ್ನೊಂದರ ಪಕ್ಕದಲ್ಲಿಟ್ಟು ಓದಲಾಗದು.

ಎರಡನೆಯದು, ನಿಧಾನವಾಗಿರುವ ಮಷೀನ್‌ನ ಒಳಗೇ ನೋಡುವುದು. ಲಿನಕ್ಸ್ ಆಗಿದ್ದರೆ ಐಒಸ್ಟಾಟ್ ಆದೇಶವನ್ನು ವಿಸ್ತೃತ ವಿವರದ ಆಯ್ಕೆಯೊಂದಿಗೆ ಪ್ರತಿ ಸೆಕೆಂಡಿಗೆ ಓಡಿಸಿ, ಓದಿಗೂ ಬರಹಕ್ಕೂ ಪ್ರತ್ಯೇಕವಾಗಿ ತೋರಿಸುವ ಅವೈಟ್ (ಕಾಯುವ ಸಮಯ) ಅಂಕಣಗಳನ್ನು ಗಮನಿಸಬೇಕು. ವಿಂಡೋಸ್ ಆಗಿದ್ದರೆ ಪರ್ಫಾರ್ಮೆನ್ಸ್ ಮಾನಿಟರ್‌ನಲ್ಲಿ ಪ್ರತಿ ವರ್ಗಾವಣೆಗೆ ತಗಲುವ ಸರಾಸರಿ ಸೆಕೆಂಡುಗಳನ್ನು ನೋಡಬೇಕು. ಇಲ್ಲೊಂದು ಮೋಸವಿದೆ. ಮಷೀನ್‌ಗೆ ಕೊಟ್ಟ ಸ್ಮರಣೆ ಸಾಲದೆ ಅದು ಸ್ವಾಪ್‌ಗೆ, ಅಂದರೆ ಡಿಸ್ಕ್ ಅನ್ನೇ ಸ್ಮರಣೆಯಂತೆ ಬಳಸಲು, ಇಳಿದಿದ್ದರೆ, ಸ್ಮರಣೆಯ ಕೊರತೆಯೇ ಡಿಸ್ಕ್‌ನ ತೊಂದರೆಯ ವೇಷ ತೊಟ್ಟು ಬರುತ್ತದೆ. ವಿಎಂಸ್ಟಾಟ್ ಆದೇಶದ ಸ್ವಾಪ್ ಅಂಕಣಗಳು ಸತತವಾಗಿ ಸೊನ್ನೆಗಿಂತ ಮೇಲಿದ್ದರೆ ಸ್ಟೋರೇಜ್ ಅನ್ನು ಅಲ್ಲಿಗೇ ಬಿಟ್ಟು ಮೊದಲು ಸ್ಮರಣೆ ಹೆಚ್ಚಿಸಿ ನೋಡಿ.

ಮೂರನೆಯದು ಹೋಸ್ಟ್, ಅಂದರೆ ಮಷೀನ್‌ಗಳನ್ನು ಹೊತ್ತ ಸರ್ವರ್. ನೆಟ್‌ವರ್ಕ್‌ನಲ್ಲಿ ಫೈಲ್‌ಗಳನ್ನು ಹಂಚುವ ಎನ್‌ಎಫ್‌ಎಸ್ ಮೂಲಕ ಸ್ಟೋರೇಜ್ ಜೋಡಿಸಿದ್ದರೆ ಎನ್‌ಎಫ್‌ಎಸ್‌ಐಒಸ್ಟಾಟ್ ಆದೇಶ ಎರಡು ಸಮಯಗಳನ್ನು ಕೊಡುತ್ತದೆ: ಕೋರಿಕೆ ಕೇಬಲ್‌ಗೆ ಇಳಿದು ಉತ್ತರ ಬರುವವರೆಗಿನ ಆರ್‌ಟಿಟಿ, ಮತ್ತು ಹೋಸ್ಟ್‌ನೊಳಗೇ ಕಾದದ್ದನ್ನೂ ಸೇರಿಸಿದ ಒಟ್ಟು ಸಮಯ. ಎರಡರ ನಡುವೆ ದೊಡ್ಡ ಅಂತರವಿದ್ದರೆ ಸಾಲು ನಿಂತಿರುವುದು ಹೋಸ್ಟ್‌ನಲ್ಲಿ. ಆರ್‌ಟಿಟಿಯೇ ಹೆಚ್ಚಿದ್ದರೆ ತೊಂದರೆ ನೆಟ್‌ವರ್ಕ್‌ನಲ್ಲೋ ಸ್ಟೋರೇಜ್‌ನಲ್ಲೋ ಇದೆ. ಮಷೀನ್‌ಗಳನ್ನು ನಡೆಸಲು ವಿಎಂವೇರ್ ಬಳಸುವವರಿಗೆ ಅದರ ಇಎಸ್‌ಎಕ್ಸ್‌ಟಾಪ್ ಆದೇಶದಲ್ಲಿ ಕೆ-ಆ್ಯವ್‌ಜಿ ಮತ್ತು ಡಿ-ಆ್ಯವ್‌ಜಿ ಎಂಬ ಅಂಕಣಗಳು ಇದೇ ಭೇದವನ್ನು ತೋರಿಸುತ್ತವೆ: ಮೊದಲನೆಯದು ಹೋಸ್ಟ್‌ನೊಳಗಿನ ಕಾಯುವಿಕೆ, ಎರಡನೆಯದು ಅದರಾಚೆಯದು. ಮೊದಲನೆಯದು 2 ಮಿಲಿಸೆಕೆಂಡ್ ದಾಟಿದರೆ, ಎರಡನೆಯದು 20ರಿಂದ 25 ದಾಟಿ ಅಲ್ಲೇ ನಿಂತರೆ ಎಚ್ಚರಗೊಳ್ಳಬೇಕು. ಹೋಸ್ಟ್‌ನಲ್ಲಿರುವಾಗಲೇ ಯಾವ ಮಷೀನ್ ಅತಿ ಹೆಚ್ಚು ಕೋರಿಕೆ ಕಳುಹಿಸುತ್ತಿದೆ ಎಂದೂ ನೋಡಿ. ಬಹಳ ಸಲ ದೂರು ಕೊಟ್ಟವರದ್ದು ಒಂದು ಮಷೀನ್, ಬಾವಿಯನ್ನು ಬರಿದು ಮಾಡುತ್ತಿರುವುದು ಇನ್ನೊಂದು. ಯಾರೋ ತಿಂಗಳುಗಳ ಹಿಂದೆ ತೆಗೆದು ಮರೆತ ಸ್ನ್ಯಾಪ್‌ಶಾಟ್‌ಗಳ (ಮಷೀನ್‌ನ ಒಂದು ಕ್ಷಣದ ಸ್ಥಿತಿಯ ದಾಖಲೆಗಳ) ಸರಪಳಿಯೂ ಕಾರಣವಾಗಿರಬಹುದು.

ನೆಟ್‌ವರ್ಕ್ ಪರೀಕ್ಷೆಗೆ ಹೆಚ್ಚು ಹೊತ್ತು ಬೇಕಿಲ್ಲ. ಐಪರ್ಫ್3ರಿಂದ ಹೋಸ್ಟ್ ಮತ್ತು ಸ್ಟೋರೇಜ್ ನಡುವೆ ಅಳೆದಾಗ ಗಿಗಾಬಿಟ್ ಸಂಪರ್ಕದಲ್ಲಿ ಸೆಕೆಂಡಿಗೆ ಸುಮಾರು 940 ಮೆಗಾಬಿಟ್ ಬರಬೇಕು. 94 ಬಂದರೆ ಹಾಳಾದ ಕೇಬಲ್‌ನಿಂದಾಗಿ ಸಂಪರ್ಕ 100 ಮೆಗಾಬಿಟ್‌ಗೆ ಇಳಿದಿದೆ ಎಂದೇ ಬಹುಮಟ್ಟಿಗೆ ತಿಳಿಯಬಹುದು. ಜಂಬೊ ಫ್ರೇಮ್ (ಸಾಮಾನ್ಯಕ್ಕಿಂತ ದೊಡ್ಡದಾದ ನೆಟ್‌ವರ್ಕ್ ಪೊಟ್ಟಣ) ಬಳಸುತ್ತಿದ್ದರೆ, ತುಂಡಾಗಬಾರದೆಂಬ ಆಯ್ಕೆಯೊಂದಿಗೆ 8,972 ಬೈಟ್‌ಗಳ ಪಿಂಗ್ ಕಳುಹಿಸಿ. ಶಿರೋಭಾಗದ 28 ಬೈಟ್ ಸೇರಿ 9,000 ಆಗುತ್ತದೆ. ಅದು ತಲುಪದಿದ್ದರೆ ದಾರಿಯಲ್ಲೆಲ್ಲೋ ಒಂದು ಸ್ವಿಚ್ ಹಳೆಯ ಅಳತೆಯಲ್ಲೇ ಉಳಿದಿದೆ. ಎರಡು ಕೇಬಲ್ ಕಟ್ಟಿದರೆ ವೇಗ ಎರಡರಷ್ಟಾಗುತ್ತದೆ ಎಂಬ ನಂಬಿಕೆಯೂ ವ್ಯಾಪಕವಾಗಿದೆ. ಹೀಗೆ ಕೇಬಲ್‌ಗಳನ್ನು ಒಂದಾಗಿ ಕಟ್ಟುವ ಎಲ್‌ಎಸಿಪಿ ಜೋಡಣೆಯಲ್ಲಿ ಒಂದು ಟಿಸಿಪಿ ಸಂಪರ್ಕ ಒಂದೇ ಕೇಬಲ್‌ನಲ್ಲಿ ಸಾಗುವುದರಿಂದ ಒಂದೇ ಹೋಸ್ಟ್‌ನ ಎನ್‌ಎಫ್‌ಎಸ್ ಸಂಪರ್ಕಕ್ಕೆ ಅದರಿಂದ ಲಾಭವಾಗುವುದು ಅಪರೂಪ.

ಪೆಟ್ಟಿಗೆಯ ಒಳಗೆ

ಹೆಚ್ಚಿನ ಉತ್ತರಗಳು ಸಿಗುವುದು ಇಲ್ಲಿ. ಇಲ್ಲಿಯೂ ಐಒಸ್ಟಾಟ್ ಓಡಿಸಿ, ಆದರೆ ಒಟ್ಟು ಅಂಕಿಯನ್ನಲ್ಲ, ಪ್ರತಿ ಡಿಸ್ಕ್‌ನ ಅಂಕಿಯನ್ನು ನೋಡಿ. ಏಳು ಡಿಸ್ಕ್‌ಗಳು 12 ಮಿಲಿಸೆಕೆಂಡ್‌ನಲ್ಲಿ ಉತ್ತರಿಸುವಾಗ ಎಂಟನೆಯದು 90 ತೋರಿಸಿದರೆ ಆ ಡಿಸ್ಕ್ ಕೊನೆಯ ದಿನಗಳಲ್ಲಿರಬಹುದು. ರೇಡ್ ಜೋಡಣೆಯಲ್ಲಿ ಕುಂಟುವ ಒಂದು ಎತ್ತಿಗಾಗಿ ಇಡೀ ಗಾಡಿ ನಿಧಾನವಾಗುತ್ತದೆ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿಯಲ್ಲಿ ಬದಲಿ ಸೆಕ್ಟರ್‌ಗಳ (ಕೆಟ್ಟ ಜಾಗದ ಬದಲಿಗೆ ಬಳಸಿದ ಭಾಗಗಳ) ಸಂಖ್ಯೆಯನ್ನು ಪರಿಶೀಲಿಸಿ. ಐಒಸ್ಟಾಟ್ ಪಟ್ಟಿಯ ಶೇಕಡಾವಾರು ಬಳಕೆಯ ಅಂಕಣವನ್ನು ಮಾತ್ರ ಪೂರ್ತಿ ನಂಬಬೇಡಿ. ಏಕಕಾಲಕ್ಕೆ ಹಲವು ಕೋರಿಕೆಗಳನ್ನು ಪೂರೈಸಬಲ್ಲ ಎಸ್‌ಎಸ್‌ಡಿ ಮತ್ತು ರೇಡ್‌ಗಳು ಶೇ 100 ತೋರಿಸುತ್ತಿರುವಾಗಲೂ ಇನ್ನೂ ಕೆಲಸ ಮಾಡುವ ತ್ರಾಣ ಉಳಿಸಿಕೊಂಡಿರಬಹುದು.

ರೇಡ್ ಕಂಟ್ರೋಲರ್‌ನ ಬ್ಯಾಟರಿಯನ್ನು ತಪ್ಪದೆ ನೋಡಿ. ಬ್ಯಾಟರಿ ಸತ್ತರೆ ಕಂಟ್ರೋಲರ್ ಸಾಮಾನ್ಯವಾಗಿ ತನ್ನ ಕ್ಯಾಶ್‌ನಲ್ಲಿ ಬರಹಗಳನ್ನು ಹಿಡಿದಿಡುವುದನ್ನು ನಿಲ್ಲಿಸಿ ಪ್ರತಿಯೊಂದನ್ನೂ ನೇರ ಡಿಸ್ಕ್‌ಗೆ ಕಳುಹಿಸತೊಡಗುತ್ತದೆ, ಅದೂ ಸದ್ದಿಲ್ಲದೆ. ನಾನು ನೋಡಿದ ಒಂದು ಕಚೇರಿಯಲ್ಲಿ ಕಂಟ್ರೋಲರ್ ಪಾಪ, ಪ್ರತಿದಿನ ಎಚ್ಚರಿಕೆಯ ಇಮೇಲ್ ಕಳುಹಿಸುತ್ತಲೇ ಇತ್ತು. ಅದು ಹೋಗುತ್ತಿದ್ದದ್ದು ಕೆಲಸ ಬಿಟ್ಟು ಹೋದವರ ವಿಳಾಸಕ್ಕೆ.

ಸೋಮವಾರವೇ ತೊಂದರೆ ಹೆಚ್ಚೆಂದರೆ ನಿಗದಿತ ತಪಾಸಣೆಗಳನ್ನು ಶಂಕಿಸಿ. ಲಿನಕ್ಸ್‌ನ ಒಂದು ರೂಪವಾದ ಡೆಬಿಯನ್‌ನಲ್ಲಿ ಸಾಫ್ಟ್‌ವೇರ್ ರೇಡ್‌ನ ಪೂರ್ಣ ಪರಿಶೀಲನೆ ಪೂರ್ವನಿಯೋಜಿತವಾಗಿ ತಿಂಗಳ ಮೊದಲ ಭಾನುವಾರ, ಜೆಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಯ ಸ್ಕ್ರಬ್ (ಪೂರ್ಣ ತಪಾಸಣೆ) ಎರಡನೇ ಭಾನುವಾರ ಶುರುವಾಗುತ್ತವೆ. ಡಿಸ್ಕ್‌ಗಳು ದೊಡ್ಡವಾದರೆ ಅವು ಸೋಮವಾರದ ಕಚೇರಿ ವೇಳೆಗೂ ಮುಗಿದಿರುವುದಿಲ್ಲ.

ಇವೆಲ್ಲ ಸರಿಯಿದ್ದು ಬರಹ ಮಾತ್ರ ನಿಧಾನವಾಗಿದ್ದರೆ ಸಿಂಕ್ ಬರಹದ ಕಡೆ ತಿರುಗಬೇಕು. ಡೇಟಾಬೇಸ್ ಒಂದು ವಹಿವಾಟನ್ನು ಮುಗಿಸುವಾಗ ‘ಇದು ಶಾಶ್ವತವಾಗಿ ಬರೆಯಲ್ಪಟ್ಟಿದೆ’ ಎಂಬ ಖಾತರಿ ಕೇಳುತ್ತದೆ, ಆ ಖಾತರಿ ಬರುವವರೆಗೆ ಮುಂದಕ್ಕೆ ಹೋಗುವುದಿಲ್ಲ. ವರ್ಚುವಲ್ ಮಷೀನ್ ನಡೆಸುವ ತಂತ್ರಾಂಶವಾದ ಪ್ರಾಕ್ಸ್‌ಮಾಕ್ಸ್‌ನ ಪಿವಿಇಪರ್ಫ್ ಆದೇಶ ಇಂಥ ಖಾತರಿಗಳು ಸೆಕೆಂಡಿಗೆ ಎಷ್ಟು ಸಿಗುತ್ತವೆ ಎಂದು ಅಳೆದು ಹೇಳುತ್ತದೆ. ವಿದ್ಯುತ್ ಹೋದಾಗ ದತ್ತಾಂಶ ಕಾಯುವ ಕೆಪಾಸಿಟರ್ ಇಲ್ಲದ ಅಗ್ಗದ ಎಸ್‌ಎಸ್‌ಡಿಗಳು, ಡಬ್ಬಿಯ ಮೇಲೆ ಎಷ್ಟೇ ದೊಡ್ಡ ಅಂಕಿ ಬರೆದುಕೊಂಡಿದ್ದರೂ, ಈ ಒಂದು ಪರೀಕ್ಷೆಯಲ್ಲಿ ಮುಗ್ಗರಿಸುತ್ತವೆ. ಎನ್‌ಎಫ್‌ಎಸ್ ಅನ್ನು ಅಸಿಂಕ್ ಮಾಡಿಬಿಟ್ಟರೆ ತಕ್ಷಣ ವೇಗ ಸಿಗುತ್ತದೆ ಎಂದು ಹಲವರು ಹೇಳಿಕೊಡುತ್ತಾರೆ. ಸಿಗುತ್ತದೆ ನಿಜ, ಆದರೆ ಬರೆಯದೆಯೇ ಬರೆದೆ ಎಂದು ಸ್ಟೋರೇಜ್ ಸುಳ್ಳು ಹೇಳುವುದರಿಂದ ಸಿಗುವ ವೇಗವದು. ಕರೆಂಟ್ ಹೋದ ದಿನ ಆ ಸುಳ್ಳು ಬಯಲಾಗುತ್ತದೆ. ಜೆಡ್‌ಎಫ್‌ಎಸ್ ಇದ್ದಲ್ಲಿ ಕೆಪಾಸಿಟರ್ ಇರುವ ಚಿಕ್ಕ ಎಸ್‌ಎಸ್‌ಡಿಯೊಂದನ್ನು ಪ್ರತ್ಯೇಕ ಲಾಗ್ ಸಾಧನವಾಗಿ ಸೇರಿಸುವುದು ಇದಕ್ಕಿಂತ ಎಷ್ಟೋ ಮೇಲು.

ಅಳತೆ, ಬಳಿಕ ಬದಲಾವಣೆ

ಶಂಕೆಯನ್ನು ದೃಢಪಡಿಸಿಕೊಳ್ಳಲು ಕಚೇರಿ ಮುಗಿದ ಮೇಲೆ ಕೃತಕ ಹೊರೆ ಹಾಕಿ ಅಳೆಯುವ ಎಫ್‌ಐಒ ಓಡಿಸಿ: 4 ಕಿಲೋಬೈಟ್ ಗಾತ್ರ, 70-30ರ ಓದು-ಬರಹ, ಕ್ಯಾಶ್ ತಪ್ಪಿಸುವ ಡೈರೆಕ್ಟ್ ಆಯ್ಕೆ, ಸ್ಟೋರೇಜ್‌ನ ಸ್ಮರಣೆಗಿಂತ ದೊಡ್ಡದಾದ ಪರೀಕ್ಷಾ ಫೈಲ್. ದತ್ತಾಂಶವಿರುವ ಡಿಸ್ಕ್‌ನ ಹೆಸರನ್ನೇ ಗುರಿಯಾಗಿ ಕೊಟ್ಟರೆ ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಆದ್ದರಿಂದ ಒತ್ತುವ ಮುನ್ನ ಆ ಸಾಲನ್ನು ಎರಡು ಸಲ ಓದಿ. ಏಕಕಾಲದ ಕೋರಿಕೆಗಳ ಸಂಖ್ಯೆಯನ್ನು 1, 4, 16, 32 ಎಂದು ಏರಿಸುತ್ತಾ ಹೋಗಿ. ಒಂದು ಹಂತದಲ್ಲಿ ಪೂರೈಕೆ ಏರುವುದು ನಿಂತು ಕಾಯುವಿಕೆ ಮಾತ್ರ ದ್ವಿಗುಣವಾಗತೊಡಗುತ್ತದೆ. ನಿಮ್ಮ ಪೆಟ್ಟಿಗೆಯ ನಿಜವಾದ ಸಾಮರ್ಥ್ಯ ಅಲ್ಲಿಯವರೆಗೆ. ಅದು ಕಾಗದದ ಲೆಕ್ಕಕ್ಕೆ ಹತ್ತಿರವಿದ್ದರೆ ಯಾವುದೂ ಕೆಟ್ಟಿಲ್ಲ, ಹೊರೆಯೇ ಹೆಚ್ಚಾಗಿದೆ. ಬಹಳ ಕೆಳಗಿದ್ದರೆ ಎಲ್ಲೋ ದೋಷವಿದೆ, ಹುಡುಕಾಟ ಮುಂದುವರಿಯಬೇಕು.

ಹೊರೆ ಹೆಚ್ಚಾದದ್ದೇ ಕಾರಣವಾದರೆ ಖರ್ಚಿಲ್ಲದ ದಾರಿಗಳಿಂದ ಆರಂಭಿಸಬಹುದು. ಇಪ್ಪತ್ತೂ ಮಷೀನ್‌ಗಳ ಬ್ಯಾಕಪ್ ಮತ್ತು ವೈರಸ್ ತಪಾಸಣೆ ಒಂದೇ ಗಂಟೆಗೆ ಬೀಳದಂತೆ ಹಂಚಿ. ಅತಿಯಾಗಿ ಸೇದುವ ಮಷೀನ್‌ಗೆ ಸೆಕೆಂಡಿಗೆ ಇಂತಿಷ್ಟು ಕೋರಿಕೆ ಎಂಬ ಮಿತಿ ಹಾಕಿ. ಅದೇ ಎಂಟು ಡಿಸ್ಕ್‌ಗಳನ್ನು ರೇಡ್ 10 (ಎಲ್ಲ ದತ್ತಾಂಶಕ್ಕೂ ಎರಡೆರಡು ಪ್ರತಿ) ಆಗಿ ಮರುಜೋಡಿಸಿದರೆ ಒಂದು ಬರಹಕ್ಕೆ ಎರಡೇ ಕೆಲಸವಾಗುವುದರಿಂದ ಮೇಲಿನ 240 ಸುಮಾರು 460 ಆಗುತ್ತದೆ, ಪ್ರತಿಯಾಗಿ ಆರು ಡಿಸ್ಕ್‌ಗಳ ಜಾಗ ನಾಲ್ಕಕ್ಕೆ ಇಳಿಯುತ್ತದೆ. ಇದಕ್ಕೆ ಇಡೀ ಪೆಟ್ಟಿಗೆಯನ್ನು ಖಾಲಿ ಮಾಡಬೇಕಾದ್ದರಿಂದ ಬ್ಯಾಕಪ್‌ನಿಂದ ಒಂದೆರಡು ಮಷೀನ್‌ಗಳನ್ನಾದರೂ ಮರಳಿ ಎಬ್ಬಿಸಿ ನೋಡಿದ ಮೇಲೆಯೇ ಕೈಹಾಕಿ. ಯಾವ ಬದಲಾವಣೆಯನ್ನೇ ಮಾಡಿ, ಒಂದು ಸಲಕ್ಕೆ ಒಂದೇ ಮಾಡಿ. ಮುಂದಿನ ಸೋಮವಾರ ಹತ್ತೂವರೆಗೆ ಅದೇ ಮಷೀನ್‌ನಲ್ಲಿ ಅದೇ ಅಂಕಣವನ್ನು ಮತ್ತೆ ಓದಿ, ಹಳೆಯ ಅಂಕಿಯ ಪಕ್ಕದಲ್ಲಿ ಬರೆದಿಡಿ.