ಮೆತ್ತಗಾದರೂ ಹರಿಯದ ಪ್ಲಾಸ್ಟಿಕ್

ಮೂಡಿಗೆರೆ ಕಡೆಯ ಕಾಫಿ ತೋಟ. ಮಾರ್ಚ್ ಶುರುವಾದರೂ ಹೂಮಳೆ ಬಂದಿರಲಿಲ್ಲ. ಗೌಡ್ರು ಸ್ಪ್ರಿಂಕ್ಲರ್ ಮೋಟಾರನ್ನು ಹಗಲೂ ರಾತ್ರಿ ಓಡಿಸುತ್ತಿದ್ದರು. ಮೂರನೇ ದಿನ ಫೋನ್: "ಸ್ಟಾರ್ಟರ್ ಹತ್ರ ಸುಟ್ಟ ವಾಸನೆ, ಬೇಗ ಬಾ ಮಾರಾಯ."

ತಂತಿಯ ತುದಿಗೆ ಒತ್ತಿ ಕೂರಿಸುವ ಲೋಹದ ಲಗ್ ಸಡಿಲವಾಗಿತ್ತು. ಆ ಬಿಸಿಗೆ ಪಿವಿಸಿ ಇನ್ಸುಲೇಷನ್ ಮೆತ್ತಗಾಗಿ, ಕೇಬಲ್ ಬಾಗಿದ ಕಡೆ ತಾಮ್ರ ಹೊರಗೆ ಇಣುಕುತ್ತಿತ್ತು. ಹಾಕಿದ್ದು ನಾನೇ. ಬೈಸಿಕೊಂಡೆ.

ಈ ಸಲ ಎಕ್ಸ್‌ಎಲ್‌ಪಿಇ, ಅಂದರೆ ಕ್ರಾಸ್-ಲಿಂಕ್ಡ್ ಪಾಲಿಥಿನ್ ಹೊದಿಕೆಯ ಕೇಬಲ್ ತಂದೆ. ಪಿವಿಸಿ ಕೇಬಲ್‌ನಲ್ಲಿ ತಂತಿಯ ಬಿಸಿ 70 ಡಿಗ್ರಿ ದಾಟಬಾರದು, ಇದರಲ್ಲಿ 90ರ ತನಕ ನಡೆಯುತ್ತದೆ. ಶಾರ್ಟ್ ಆದ ಆ ಕ್ಷಣಕ್ಕೆ ಅದು 160 ತಡೆದರೆ ಇದು 250. ಆದರೂ ಕಣ್ಣಾರೆ ನೋಡೋಣ ಅನ್ನಿಸಿತು. ಚಿಕ್ಕಮಗಳೂರಿನ ಅಂಗಡಿಗೆ ವಾಪಸ್ ಬಂದು ಎರಡರ ತುಂಡುಗಳಿಗೂ, ಸಾದಾ ಪಾಲಿಥಿನ್‌ಗೂ ಎಕ್ಸ್‌ಎಲ್‌ಪಿಇಗೂ, ಹೀಟ್ ಗನ್ ಹಿಡಿದೆ. ಸಾದಾ ಪಾಲಿಥಿನ್ ಪೈಪ್ ಜೋತುಬಿದ್ದು ಅಂಟಂಟಾಗಿ ಹರಿಯಿತು. ಎಕ್ಸ್‌ಎಲ್‌ಪಿಇ ಕೂಡ ಪಾಲಿಥಿನ್ನೇ ಅಲ್ವಾ? ಅದರ ಹಾಲುಬಣ್ಣ ಹೋಗಿ ಗಾಜಿನ ಹಾಗೆ ಕಂಡಿತು, ರಬ್ಬರಿನಂತೆ ಮೆತ್ತಗಾಯಿತು. ಹರಿಯಲಿಲ್ಲ. ತಣ್ಣಗಾದ ಮೇಲೆ ಮತ್ತೆ ಬಿಳಿ, ಮತ್ತೆ ಗಟ್ಟಿ.

ಒತ್ತು ಶಾವಿಗೆ ನೆನಪಿಸಿಕೊಳ್ಳಿ. ಬಿಸಿಯಿದ್ದಾಗ ಎಳೆಗಳು ಒಂದರ ಮೇಲೊಂದು ಜಾರುತ್ತವೆ. ಅಲ್ಲಲ್ಲಿ ಎಳೆಗೆ ಎಳೆ ಗಂಟು ಹಾಕಿಬಿಟ್ಟರೆ? ಅಲುಗಾಡುತ್ತವೆ, ಬಿಟ್ಟುಹೋಗುವುದಿಲ್ಲ. ಎಕ್ಸ್‌ಎಲ್‌ಪಿಇಯಲ್ಲೂ ಅಷ್ಟೇ, ಪಾಲಿಥಿನ್ನಿನ ಉದ್ದುದ್ದ ಅಣು ಎಳೆಗಳಿಗೆ ಹೀಗೇ ಗಂಟು ಬಿದ್ದಿರುತ್ತದೆ. ಅದಕ್ಕೇ ಇದನ್ನು ಕರಗಿಸಿ ಮತ್ತೆ ಅಚ್ಚು ಹಾಕಲೂ ಆಗುವುದಿಲ್ಲ.

ಬೋರ್‌ವೆಲ್ ಕೇಬಲ್ ಜಾಯಿಂಟಿಗೆ ಹಾಕುವ, ಬಿಸಿಗೆ ಕುಗ್ಗುವ ಹೀಟ್ ಶ್ರಿಂಕ್ ಸ್ಲೀವ್ ಕೂಡ ಇದೇ ಜಾತಿ. ಗಂಟು ಬಿದ್ದ ಮೇಲೆ ಬಿಸಿ ಮಾಡಿ, ಹಿಗ್ಗಿಸಿ, ಹಾಗೇ ತಣ್ಣಗೆ ಮಾಡಿರುತ್ತಾರೆ. ಮತ್ತೆ ಬಿಸಿ ತಾಗಿದರೆ ಹಳೆಯ ಅಳತೆಗೆ ಓಡುತ್ತದೆ. ಒಳಗಿನ ಅಂಟಿಗೆ ಮಾತ್ರ ಗಂಟಿಲ್ಲ. ಅದು ಕರಗಿ ಸಂದು ತುಂಬಬೇಕು, ಮೇಲಿನದು ಕರಗದೆ ಬಿಗಿಯಬೇಕು. ಯಾರ ಯೋಚನೆಯೋ, ಭಲೇ! ನನ್ನ ಮೊದಲ ಸ್ಲೀವ್ ಕೆಟ್ಟಿದ್ದು ಎರಡೂ ತುದಿಯಿಂದ ಬಿಸಿ ಮಾಡಿದ್ದಕ್ಕೆ. ಗಾಳಿ ನಡುವೆ ಸಿಕ್ಕಿಕೊಂಡಿತು. ಈಗ ನಡುವಿನಿಂದ ಶುರು ಮಾಡಿ ತುದಿಗೆ ಹೋಗುತ್ತೇನೆ, ಅಂಟು ಸುತ್ತಲೂ ಇಣುಕುವ ತನಕ.

ಇನ್ನೊಂದು ವಿಷಯ. ಸಿಪ್ಪೆ ಬಿಡಿಸಿದ ಎಕ್ಸ್‌ಎಲ್‌ಪಿಇ ಎಳೆಗಳನ್ನು ಬಿಸಿಲಿಗೆ ಬಿಡಬಾರದು, ಬಿರುಕು ಬರುತ್ತದೆ. ಮೇಲೊಂದು ಕಪ್ಪು ಸ್ಲೀವ್ ಹಾಕಿ ಪೆಟ್ಟಿಗೆಯೊಳಗೆ ಬಿಟ್ಟೆ. ಹೊಸ ಲಗ್ ಒತ್ತಿ, ಇನ್ಸುಲೇಷನ್ ಪರೀಕ್ಷಿಸುವ ಮೆಗ್ಗರ್ ಹಿಡಿದು ನೋಡಿ ಮೋಟಾರ್ ಹಾಕಿದೆ.

"ಇನ್ನು ಬಿಸಿಯಾದ್ರೂ ತೊಂದ್ರೆ ಇಲ್ವಲ್ಲ?" ಅಂದರು ಗೌಡ್ರು.

"ಕೇಬಲ್ ತಡೆಯುತ್ತೆ ಗೌಡ್ರೆ, ಸ್ಟಾರ್ಟರ್ ತಡೆಯಲ್ಲ. ತಿಂಗಳಿಗೊಮ್ಮೆ ಮೇನ್ ಆಫ್ ಮಾಡಿ ಲಗ್ ಬಿಗಿ ಮಾಡಿಸಿ."